ವಾಲ್ಟನ ಪಕ್ಕದ ಕುರ್ಚಿ

ಮಾರ್ಚ್ 14, ಶುಕ್ರವಾರ

ಇವತ್ತೂ ನನ್ನ ಪಕ್ಕ ಯಾರೂ ಕೂರುವುದಿಲ್ಲವೇನೋ ಎಂದುಕೊಂಡೇ ಹೋಗಿದ್ದೆ. ಪೊಲೀಸ್ ಸಹೋದರ ಸಂಘದ ಹಾಲ್‌ನಲ್ಲಿ ತಪಸ್ಸುಕಾಲದ ಮೀನೂಟ; ಈಸ್ಟರ್‌ಗೆ ಮುಂಚಿನ ಈ ಶುಕ್ರವಾರಗಳಲ್ಲಿ ನಾವು ಮಾಂಸ ಮುಟ್ಟುವುದಿಲ್ಲ. ನನ್ನ ಒಂದು ಕಡೆ ಗೋಡೆ, ಇನ್ನೊಂದು ಕಡೆ ನನ್ನ ಗಂಡ ವಾಲ್ಟನ ಕುರ್ಚಿ. ಅವನು ತೀರಿಕೊಂಡ ಮೇಲೆ ಸಂಘದವರು ಅದಕ್ಕೆ ಕಪ್ಪು ಪಟ್ಟಿ ಕಟ್ಟಿ ಖಾಲಿ ಬಿಟ್ಟಿದ್ದಾರೆ. ಗೌರವಕ್ಕೆ.

ಒಳ್ಳೆಯವರೇ ಎಲ್ಲರೂ. ಚಳಿಗಾಲವೆಲ್ಲ ನಮ್ಮ ಬಾಗಿಲ ಮುಂದಿನ ಹಿಮ ತೆಗೆದರು. ನಾನು ಏಳುವ ಮೊದಲೇ ತೆಗೆದು ಹೋಗಿಬಿಡುತ್ತಿದ್ದರು.

ಜೀನ್ ತಟ್ಟೆ ತಂದಿಟ್ಟ. ವಾಲ್ಟನ ಜೊತೆ ಒಂದೇ ಗಾಡಿಯಲ್ಲಿ ಗಸ್ತು ತಿರುಗಿದವನು.

"ತಿನ್ನಿ ಅತ್ತಿಗೆ, ಹೆದರ್ಬೇಡಿ. ಇವತ್ತು ಕರಿದಿರೋದು ನಾನಲ್ಲ."

"ಕೂತ್ಕೋ ಜೀನ್."

"ಅಯ್ಯೋ, ಅದು ವಾಲ್ಟಣ್ಣಂದು! ನಾನು ಕೂತ್ರೆ ಇವ್ರು ನನ್ನನ್ನೇ ಎಣ್ಣೇಲಿ ಹಾಕ್ತಾರೆ."

"ಅವನಿಗೆ ಜಾಗ ಇಟ್ಟಿದ್ದೀರಲ್ಲ, ಸಂತೋಷ. ನನ್ನ ಜೊತೆ ಮಾತಾಡೋರು ಯಾರಪ್ಪ?"

ಧ್ವನಿ ಜೋರಾಯಿತೇನೋ, ಮೇಜಿನವರೆಲ್ಲ ತಿರುಗಿ ನೋಡಿದರು. ನಾನು ಎದ್ದು ವಾಲ್ಟನ ಕುರ್ಚಿಯಲ್ಲಿ ಕೂತೆ. ಖಾಲಿಯಾದ ನನ್ನ ಕುರ್ಚಿಯನ್ನು ಜೀನ್‌ಗೆ ತೋರಿಸಿದೆ.

ಅವನು ಟೋಪಿ ತೆಗೆದು ಮೆಲ್ಲಗೆ ಕೂತ. ನನ್ನ ತಟ್ಟೆ ನೋಡುತ್ತಾ, "ಉಪ್ಪು ಸರಿಯಿದೆಯಾ ಅತ್ತಿಗೆ?" ಅಂದ.

ಸರಿಯಿದೆ ಎಂದೆ. ಆಮೇಲೆ ಮಂಡಿನೋವಿನ ಮಾತು ತೆಗೆದ, ಮಗಳ ಮದುವೆಯ ಮಾತು ತೆಗೆದ. ನಾನು ತಿಂದು ಮುಗಿಸಿದರೆ ತಟ್ಟೆ ಎತ್ತಿಕೊಂಡು ಹೊರಟುಬಿಡುತ್ತಾನೆ ಎನಿಸಿತು. ಕೊನೆಯ ತುಂಡನ್ನು ಹಾಗೇ ತಣ್ಣಗಾಗಲು ಬಿಟ್ಟೆ.