ನಮ್ಮ ಕೈರೋ ಬಾತ್ಮೀದಾರರಿಂದ

೮-೧೧-೫೬

ಚಿಕ್ಕಪ್ಪನವರಿಗೆ ನಮಸ್ಕಾರ.

ಕೈರೋದಲ್ಲಿ ನನ್ನ ಕಿಟಕಿಯೆದುರೇ ಬಾಂಬು ಬಿತ್ತೆಂಬ ನಮ್ಮ ಪತ್ರಿಕೆಯ ಸುದ್ದಿ ಕೇಳಿ ಅಮ್ಮ ಊಟ ಬಿಟ್ಟಿದ್ದಾಳೆಂದು ಕಚೇರಿಗೆ ಬರೆದಿದ್ದೀರಿ. ನಾನು ಕೈರೋಗೆ ಹೋದದ್ದಾದರೂ ಯಾವಾಗ? ವಿದೇಶ ಬಾತ್ಮೀದಾರನೆಂದು ಹೆಸರು ಕೊಟ್ಟು, ರಾಜಾಜಿನಗರದ ಬಾಡಿಗೆ ಕೋಣೆಯಲ್ಲಿ ರೇಡಿಯೋ ಮುಂದೆ ಕೂರಿಸಿದ್ದರು. ಜನರ ಕಣ್ಣಿಗೂ ಬೀಳಬಾರದಂತೆ! ಕಿಟಕಿಯೆದುರು ಇರುವುದು ರಾಗಿ ಹೊಲ, ಒಂದು ಎಮ್ಮೆ. ಬಾಂಬಿನ ಸಾಲು ಸೇರಿಸಿದವರು ಸಂಪಾದಕರು. ಕೇಳಲು ಹೋದರೆ, "ಯುದ್ಧ ಅಂದ್ಮೇಲೆ ಒಂದು ಬಾಂಬಾದ್ರೂ ಬೀಳ್ಬೇಡ್ವೇನ್ರೀ?" ಎಂದು ನನ್ನನ್ನೇ ಗದರಿದರು. ರಾಜೀನಾಮೆ ಬಿಸಾಕಿ ಬಂದೆ.

ಕೆಮ್ಮು ವಾಸಿಯಾಗಿದೆ. ಅಮ್ಮನಿಗೆ ಇನ್ನು ಪತ್ರಿಕೆ ಓದಿ ಹೇಳಬೇಡಿ. ಈ ಕಾರ್ಡಿನ ಮೇಲಿನ ಬೆಂಗಳೂರು ಅಂಚೆಮುದ್ರೆ ತೋರಿಸಿ, ಮೊದಲು ಊಟಕ್ಕೆ ಕೂರಿಸಿ.

ಅವಸರದಲ್ಲಿ,
ಶ್ರೀಕಂಠ