ಬಾಲ್ಕನಿಯ ಮೇಲಿನ ಚಿಲಕ

ಅಕ್ಕಾ,

ನೀನು ಕೇಳಿ ಇವತ್ತಿಗೆ ಹನ್ನೊಂದು ದಿನವಾಯಿತು. ಕೇಳಿದ್ದು ಒಂದೇ ಮಾತು. "ನೀನು ಇದೇ ಕಸುಬಿನವಳು. ಚಳಿ ಸಮುದ್ರಕ್ಕೆ ನಾವಿಬ್ರೂ ಹೋಗೋ ಹಡಗಲ್ಲಿ ಬಾಲ್ಕನಿ ಇರೋ ರೂಮು ಬೇಕಾ, ಇಲ್ಲಾ ದುಡ್ಡು ದಂಡನಾ?" ನಾನು ಹೇಳಲಿಲ್ಲ. ನೀನು ಇನ್ನೊಮ್ಮೆ ಕೇಳಿದೆ. ಆಮೇಲೆ ಬರೀ ಪ್ರಶ್ನೆ ಚಿಹ್ನೆಯೊಂದನ್ನು ಕಳಿಸಿದೆ. ನಿನ್ನೆಯಿಂದ ಅದೂ ಇಲ್ಲ. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವಳು ನೀನು, ಓಡಿ ಬರುವವರಿಗೂ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಂತವಳಲ್ಲ. ನನಗೋಸ್ಕರ ಇಷ್ಟು ದಿನ ಕಾದಿದ್ದೀಯ. ಫೋನಿನಲ್ಲಿ ಹೇಳೋಣವೆಂದು ಎರಡು ಸಲ ನಂಬರು ಒತ್ತಿದೆ, ರಿಂಗಾಗುವ ಮೊದಲೇ ಕಟ್ ಮಾಡಿದೆ. ಅದಕ್ಕೇ ಈ ಕಾಗದ.

ಮೊದಲು ಕಸುಬಿನ ಮಾತು ಮುಗಿಸಿಬಿಡುತ್ತೇನೆ. ಇಪ್ಪತ್ತಾರು ವರ್ಷದಿಂದ ಈ ಬುಕಿಂಗ್ ಮೇಜಿನ ಹಿಂದೆ ಕೂತು ಜನರನ್ನು ಹಡಗು ಹತ್ತಿಸುತ್ತಿದ್ದೇನೆ. ಚಳಿ ಸಮುದ್ರಕ್ಕೆ ಹೋಗುವವರು ಕುರ್ಚಿ ಎಳೆದುಕೊಂಡು ಮೊದಲು ಕೇಳುವುದೇ ನಿನ್ನ ಪ್ರಶ್ನೆ. ನಾನು ಇಲ್ಲಿಯತನಕ ಒಬ್ಬರಿಗೂ ಬೇಕು ಎಂದಿಲ್ಲ. ಹತ್ತು ನಿಮಿಷ ನಿಂತರೆ ಮೂಗು ಉದುರುತ್ತದೆ, ಬಾಡಿಗೆ ಮಾತ್ರ ಒಂದೂವರೆ ಪಟ್ಟು, ಮೇಲಿನ ಡೆಕ್ಕಿನಿಂದ ಎರಡೂ ಕಡೆ ಕಾಣುತ್ತದೆ, ಬಾಲ್ಕನಿಯಿಂದ ಒಂದೇ ಕಡೆ, ಅದರ ಕೆಳಗೆ ಜೀವರಕ್ಷಕ ದೋಣಿ ನೇತುಹಾಕಿದ್ದರೆ ಅದೂ ಇಲ್ಲ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇನೆ. ಬಾಲ್ಕನಿ ಮಾರಿದರೆ ನಮಗೆ ಕಮಿಷನ್ ಜಾಸ್ತಿ, ಆದರೂ ಮಾರುವುದಿಲ್ಲ. ನಮ್ಮ ಮ್ಯಾನೇಜರ್ ಬೈದು ಬೈದು ಸುಸ್ತಾಗಿ ಈಗ ಬಾಲ್ಕನಿ ಕೇಳಿ ಬಂದವರನ್ನು ಪಕ್ಕದ ಮೇಜಿಗೆ ಕಳಿಸುತ್ತಾನೆ.

ಹೋದ ವರ್ಷ ಒಬ್ಬರು ನಿವೃತ್ತ ಹೆಡ್‌ಮಿಸ್ಟ್ರೆಸ್ ಪ್ರವಾಸ ಮುಗಿಸಿ ಬಂದವರು ನೇರ ನನ್ನ ಮುಂದೆ ಕೂತರು. "ನಿಮ್ಮ ಮಾತು ಕೇಳಿ ಕಿಟಕಿ ರೂಮು ತಗೊಂಡೆ. ಬೆಳಿಗ್ಗೆ ಹಿಮದ ಗೋಡೆ ಕುಸಿದಾಗ ನಾನು ಕೋಟು ಹುಡುಕ್ತಾ ಇದ್ದೆ. ಡೆಕ್ಕಿಗೆ ಹೋಗೋ ಹೊತ್ತಿಗೆ ಬರೀ ನೀರು. ಬಾಲ್ಕನಿ ಇದ್ದವರು ಕಂಬಳಿ ಹೊದ್ದು ನಿಂತಲ್ಲೇ ನೋಡಿದ್ರು. ನಿಮಗೇನು ಬಾಲ್ಕನಿ ಮೇಲೆ ಅಷ್ಟು ಹಗೆ?" ಎಂದು ಕೇಳಿದರು. ನಾನು ನಕ್ಕು ಮಾತು ತೇಲಿಸಿದೆ. ಅವರಿಗೆ ಹೇಳಬೇಕಾದ ಉತ್ತರವೇ ನಿನಗೂ ಹೇಳಬೇಕಾದದ್ದು, ನಲವತ್ತನಾಲ್ಕು ವರ್ಷದಿಂದ ನಿನಗೆ ಬಾಕಿ ಇರುವುದು.

ಆ ಮಧ್ಯಾಹ್ನ ನಿನಗೆ ನೆನಪಿಲ್ಲದೆ ಇರುವುದಿಲ್ಲ. ನಿನಗೆ ಹದಿನಾರು, ನನಗೆ ಒಂಬತ್ತು. ಅಮ್ಮನಿಗೆ ಲಾಂಡ್ರಿಯಲ್ಲಿ ಸಂಜೆಯ ತನಕದ ಪಾಳಿ. ನೀನು ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದೆ. ಅಪ್ಪ ನಡುಮನೆಯಲ್ಲಿ ಅಂಗಡಿಯೊಂದಕ್ಕೆ ಗಾಜು ಕೊಯ್ಯುತ್ತಿದ್ದ. ಕೊಯ್ದ ಹಾಳೆಯ ಇನ್ನೊಂದು ತುದಿ ಹಿಡಿಯೋಕೆ ಬಾ ಎಂದು ಕೂಗಿದ. ಕೈ ಒರೆಸಿಕೊಂಡು ಬರ್ತೀನಿ ಎಂದೆ ನೀನು. ಅವನು ಒರೆಸಲು ಬಿಡಲಿಲ್ಲ. ಸೋಪಿನ ಕೈಯಲ್ಲಿ ಹಿಡಿದ ಗಾಜು ಜಾರದೆ ಇನ್ನೇನಾಗುತ್ತದೆ?

ಅವನ ನಾಲ್ಕಡಿಯ ಮರದ ಸ್ಕೇಲು ನಿನಗಿಂತ ನನ್ನ ಕಣ್ಣಿಗೆ ಚೆನ್ನಾಗಿ ಗೊತ್ತು, ಏಕೆಂದರೆ ಹೊಡೆಸಿಕೊಳ್ಳುವವರಿಗೆ ನೋಡಲು ಪುರುಸೊತ್ತಿರುವುದಿಲ್ಲ. ಎರಡು ತುದಿಗೂ ಹಿತ್ತಾಳೆಯ ಪಟ್ಟಿ. ಮೊದಲು ಮೀನಖಂಡಕ್ಕೆ, ಆಮೇಲೆ ಬೆನ್ನಿಗೆ, ನೀನು ತಿರುಗಿದಾಗ ಹಿತ್ತಾಳೆಯ ತುದಿ ಮೂಗಿಗೆ ಬಿತ್ತು. ರಕ್ತ ನೋಡಿ ಅವನ ಕೋಪ ಇನ್ನೂ ಏರಿತು, ನೆಲದ ಮೇಲೆ ಕಲೆ ಆಯಿತಲ್ಲ ಎಂದು. ಜುಟ್ಟು ಹಿಡಿದು ಎಳೆದುಕೊಂಡು ಹೋಗಿ ಬಾಲ್ಕನಿಗೆ ದೂಡಿದ. "ಹೋಗಿ ತಣ್ಣಗಾಗು" ಎಂದ. ಹಿಮ ಬೀಳುವ ನಮ್ಮ ಊರಿನ ಚಳಿಗಾಲ, ಹೊರಗೆ ಕಂಬಿಗಳ ಮೇಲೆ ಮಂಜು ಗಟ್ಟಿಯಾಗಿ ಕೂತಿತ್ತು. ನಿನ್ನ ಮೈಮೇಲೆ ಮನೆಯ ಅಂಗಿ, ಕಾಲಲ್ಲಿ ಚಪ್ಪಲಿಯೂ ಇಲ್ಲ, ಕೈ ಮೊಣಕೈತನಕ ಒದ್ದೆ.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ. ಒಬ್ಬಳಿಗೆ ಶಿಕ್ಷೆಯಾದರೆ ಇನ್ನೊಬ್ಬಳು ಚಿಲಕ ಹಾಕಬೇಕು, ಪರದೆ ಎಳೆಯಬೇಕು. ನನ್ನ ಸರದಿಯಲ್ಲಿ ನೀನು ಎಷ್ಟೋ ಸಲ ಹಾಕಿದ ಹಾಗೆ ಸದ್ದು ಮಾಡಿ ಹಾಕದೆ ಬಿಟ್ಟಿದ್ದೀಯ. ಅವನು ಹೊರಗೆ ಹೋದ ಮರುಕ್ಷಣ ಬಾಗಿಲು ತಳ್ಳಿಕೊಂಡು ಒಳಗೆ ಬಂದು ಒಲೆಯ ಹತ್ತಿರ ಕೂರುತ್ತಿದ್ದೆ ನಾನು. ಆವತ್ತು ನಾನೂ ನಿನಗೆ ಹಾಗೇ ಮಾಡಬಹುದಿತ್ತು. ಆದರೆ ಅವನು ನನ್ನ ಕಡೆ ತಿರುಗಿದ. ಕೈಯಲ್ಲಿ ಸ್ಕೇಲು ಇನ್ನೂ ಇತ್ತು. "ಬಾಗಿಲು ಹಾಕು. ನಾನು ಬರೋದ್ರೊಳಗೆ ತೆಗೆದ್ರೆ ನಿನಗೂ ಇದೇ ಗತಿ" ಎಂದು ಕೋಟು ಹಾಕಿಕೊಂಡು ಹೊರಟ. ಅವನು ಮೆಟ್ಟಿಲಿಳಿಯುವ ಮೊದಲೇ ನಾನು ಪರದೆ ಎಳೆದು ಕೆಳಗಿನ ಚಿಲಕ ಹಾಕಿದೆ. ಸಾಲದೆಂದು ಸ್ಟೂಲು ಎಳೆದುಕೊಂಡು ಹತ್ತಿ, ಯಾರೂ ಯಾವತ್ತೂ ಹಾಕದ ಮೇಲಿನ ಚಿಲಕವನ್ನೂ ಹಾಕಿದೆ.

ಅದನ್ನು ಹಾಕು ಎಂದು ಯಾರೂ ಹೇಳಿರಲಿಲ್ಲ, ಅಕ್ಕಾ. ಅವನಿಗೆ ನನ್ನ ಮೇಲೆ ಅನುಮಾನ ಬರಬಾರದು, ನಾನು ನಿನ್ನ ಪಕ್ಷವಲ್ಲ ಎಂದು ಗೊತ್ತಾಗಬೇಕು, ಅಷ್ಟೇ ತಲೆಯಲ್ಲಿದ್ದದ್ದು. ಸ್ಟೂಲನ್ನು ವಾಪಸ್ಸು ಅಡುಗೆಮನೆಗೆ ಎಳೆದುಕೊಂಡು ಹೋಗಿ ಇಟ್ಟೆ. ಆಮೇಲೆ ಮೇಜಿನ ಕೆಳಗೆ ಕೂತು ಎರಡೂ ಕಿವಿ ಮುಚ್ಚಿಕೊಂಡೆ. ನೀನು ಬಾಗಿಲಿನ ಗಾಜು ಬಡಿಯುತ್ತಿದ್ದದ್ದು ಕಿವಿ ಮುಚ್ಚಿದರೂ ನೆಲದ ಹಲಗೆಯಿಂದ ತಿಳಿಯುತ್ತಿತ್ತು. ಎಷ್ಟು ಹೊತ್ತೋ ಗೊತ್ತಿಲ್ಲ. ಬಡಿತ ನಿಂತ ಮೇಲೆ ಭಯವಾಗಿ ಎದ್ದು ಬಂದೆ.

ಕೆಳಗಿನದು ಬಂತು. ಮೇಲಿನದು ಬರಲಿಲ್ಲ. ವರ್ಷಗಟ್ಟಲೆ ಮುಟ್ಟದ ಕಬ್ಬಿಣ, ಆ ಚಳಿಗೆ ಕಚ್ಚಿಕೊಂಡುಬಿಟ್ಟಿತ್ತು. ಮತ್ತೆ ಸ್ಟೂಲು ತಂದು ಹತ್ತಿ ಜೋತುಬಿದ್ದೆ, ಉಗುರು ಕಿತ್ತು ಬಂತು, ಅದು ಅಲ್ಲಾಡಲಿಲ್ಲ. ಪರದೆಯ ಸಂದಿನಿಂದ ನಿನ್ನ ಮುಖ ನೋಡಿದೆ. ಮೂಗಿನ ರಕ್ತ ತುಟಿಯ ಮೇಲೆ ಹೆಪ್ಪುಗಟ್ಟಿತ್ತು, ಎಡಗೈ ಬೆರಳು ಮೇಣದ ಬಣ್ಣಕ್ಕೆ ತಿರುಗಿತ್ತು. ಮೇಲಿನ ಚಿಲಕ ಬರ್ತಿಲ್ಲ ಎಂದೆ. ನೀನು ಗಾಜಿಗೆ ಹಣೆ ಒತ್ತಿ ಕೇಳಿದೆ, "ಅಪ್ಪ ಅದನ್ನೂ ಹಾಕಿದ್ನಾ?"

"ಹೂಂ" ಎಂದೆ.

ಇಷ್ಟೇ. ನಾನು ಈ ಕಾಗದ ಬರೆಯುತ್ತಿರುವುದು ಆ ಒಂದು ಹೂಂ ಅನ್ನು ವಾಪಸ್ಸು ತೆಗೆದುಕೊಳ್ಳುವುದಕ್ಕೆ. ಅದು ಸುಳ್ಳು. ಅಪ್ಪ ಅಲ್ಲ, ನಾನು.

ಮಿಕ್ಕದ್ದನ್ನು ನಾನು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ನೀನು ಕಂಡದ್ದು ಒಂದು, ನಾನು ಕಂಡದ್ದು ಇನ್ನೊಂದು. ಹಿಂದೆ ಸರಿ ಎಂದೆ ನೀನು. ಬಟ್ಟೆ ಒಣಗಿಸುವ ಕಬ್ಬಿಣದ ಸ್ಟ್ಯಾಂಡನ್ನು ಎತ್ತಿ ಅವನೇ ಕೂರಿಸಿದ ದಪ್ಪ ಗಾಜಿಗೆ ಗುದ್ದಿದೆ. ಮೂರನೇ ಏಟಿಗೆ ಒಡೆಯಿತು. ನೀನು ತೂರಿಕೊಂಡು ಬರುವಾಗ ಚೌಕಟ್ಟಿನಲ್ಲಿ ಉಳಿದಿದ್ದ ಚೂರು ನಿನ್ನ ಮುಂಗೈಯನ್ನು ಮೊಣಕೈತನಕ ಸೀಳಿತು. ಆಸ್ಪತ್ರೆಗೆ ಹೋಗೋಣ ಎಂದು ನಾನು ಅತ್ತೆ. ನೀನು ಟವೆಲು ಸುತ್ತಿಕೊಂಡು, ಅವನ ಪೆಟ್ಟಿಗೆಯಿಂದ ಸುತ್ತಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಬಾಗಿಲಿಗೆ ಎದುರಾಗಿ ಕೂತೆ. ಒಂದು ಗಂಟೆ ಕೂತಿದ್ದೆ. ಟವೆಲು ತೊಯ್ದು ತೊಟ್ಟಿಕ್ಕುತ್ತಿತ್ತು. ನಿಜ ಹೇಳಲು ನನಗೆ ಆ ಇಡೀ ಗಂಟೆ ಇತ್ತು.

ಅವನು ಬಂದವನು ಮೊದಲು ನೋಡಿದ್ದು ಒಡೆದ ಗಾಜನ್ನು. "ನನ್ನ ಗಾಜು" ಎಂದ, ನಿನ್ನ ಕಡೆ ಕೈ ಎತ್ತಿದ. ಎತ್ತಿದ ಕೈಯ ಮಣಿಕಟ್ಟಿಗೇ ನೀನು ಬೀಸಿದೆ. ಆ ಮೂಳೆಯ ಸದ್ದು ಈಗಲೂ, ಯಾರಾದರೂ ಹಸಿ ಕ್ಯಾರೆಟ್ ಮುರಿದರೆ, ನನ್ನನ್ನು ಕುರ್ಚಿಯಿಂದ ಎಬ್ಬಿಸುತ್ತದೆ. ಎರಡನೇ ಏಟು ಭುಜಕ್ಕೆ. ಅವನು ಗಾಜಿನ ಚೂರಿನ ಮೇಲೆ ಮಂಡಿಯೂರಿ ಬಿದ್ದ. ಕಿರುಚಲಿಲ್ಲ, ಬರೀ ಉಸಿರು ಎಳೆಯುತ್ತಿದ್ದ. ಮೇಲಿನ ಚಿಲಕ ಯಾಕೆ ಹಾಕಿದೆ, ನನ್ನನ್ನು ಕೊಲ್ಲಬೇಕು ಅಂತಿದ್ದೆಯಾ ಎಂದು ನೀನು ಕೇಳಿದೆ. "ಯಾವ ಚಿಲಕ? ನಾನು ಹಾಕಿಲ್ಲ" ಎಂದ.

ಅವನ ಜೀವಮಾನದಲ್ಲಿ ಅವನು ಆಡಿದ ನಿಜ ಅದೊಂದೇ ಇರಬೇಕು. ಅದಕ್ಕೇ ಮೂರನೇ ಏಟು ಬಿತ್ತು, ನೆಲದ ಮೇಲೆ ಚಾಚಿದ್ದ ಬಲಗೈ ಬೆರಳುಗಳ ಮೇಲೆ. ಸುತ್ತಿಗೆ ಕೆಳಗೆ ಬರುವ ಮೊದಲು ಅವನು ನನ್ನ ಕಡೆ ನೋಡಿದ. ಆಮೇಲೆ ಎರಡನೇ ಸಲ ತಂದವಳು ನಾನು ಅಡುಗೆಮನೆಗೆ ವಾಪಸ್ಸಿಡಲು ಮರೆತು ಬಾಗಿಲ ಪಕ್ಕದಲ್ಲೇ ಬಿಟ್ಟಿದ್ದ ಸ್ಟೂಲನ್ನು ನೋಡಿದ. ಅವನಿಗೆ ಗೊತ್ತಾಯಿತು. ನಾನು ತುಟಿ ಬಿಚ್ಚಲಿಲ್ಲ.

ಡಾಕ್ಟರು ನಿನ್ನ ಎಡಗೈಯ ಎರಡು ಬೆರಳ ತುದಿ ತೆಗೆದರು. ಅವನ ಬಲಗೈ ಮತ್ತೆ ಗಾಜು ಕೊಯ್ಯಲಿಲ್ಲ, ಸ್ಕೇಲೂ ಹಿಡಿಯಲಿಲ್ಲ. ನೀನು ಆಸ್ಪತ್ರೆಯಿಂದ ನೇರ ಚಿಕ್ಕಮ್ಮನ ಮನೆಗೆ ಹೋದವಳು ವಾಪಸ್ಸು ಬರಲಿಲ್ಲ. ಅವನು ಕೊಲ್ಲೋಕೆ ನೋಡಿದ, ಅದಕ್ಕೇ ಹೊಡೆದೆ ಎಂದು ನೀನು ಎಲ್ಲರಿಗೂ ಹೇಳಿದೆ, ಡಿಪೋದಲ್ಲೂ ಹೇಳಿದೆ, ನಿನ್ನ ಮದುವೆಯ ಹಿಂದಿನ ದಿನ ಭಾವನಿಗೂ ಹೇಳಿದೆ. ಪ್ರತಿ ಸಲ ನಾನು ಪಕ್ಕದಲ್ಲಿ ತಲೆಯಾಡಿಸುತ್ತಾ ನಿಂತಿದ್ದೆ. ಅಪ್ಪ ಸತ್ತಾಗ ನೀನು ಬರಲಿಲ್ಲ. ಬಾ ಎನ್ನುವ ಮುಖ ನನಗಿರಲಿಲ್ಲ.

ತಪ್ಪು ತಿಳಿಯಬೇಡ, ಅವನ ಕೈ ಮುರಿದದ್ದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ. ಆ ಮೂರು ಏಟಿಗೆ ಬೇರೆ ನೂರು ಮಧ್ಯಾಹ್ನಗಳ ಕಾರಣ ಇತ್ತು. ನನ್ನ ಬೇಗೆ ಬೇರೆ. ಅವನು ಸಾಯುವ ಮುಂಚಿನ ಚಳಿಗಾಲ ನಾನು ಗಂಜಿ ಕುಡಿಸುತ್ತಿದ್ದಾಗ ಆ ಸೊಟ್ಟ ಬೆರಳುಗಳಿಂದ ನನ್ನ ಕೆನ್ನೆ ತಟ್ಟಿ ಒಂದು ಮಾತು ಹೇಳಿದ. "ಅವಳಿಗೆ ಹೇಳಲಿಲ್ಲ ನಾನು. ನೀನೇ ಕಣೇ ನಿಜವಾಗಿ ನನ್ನ ಮಗಳು." ಬಟ್ಟಲನ್ನು ಗೋಡೆಗೆ ಎಸೆದೆ. ಅವನು ನಕ್ಕ. ನನ್ನ ಕೈ ಮೇಲೆದ್ದಿತ್ತು, ಅಕ್ಕಾ, ಹಾಸಿಗೆ ಹಿಡಿದ ಮುದುಕನ ಮೇಲೆ. ಹೊಡೆದೆನೋ ಇಲ್ಲವೋ ಎಂದು ನೀನು ಕೇಳಿದರೆ, ಹೊಡೆದೆ. ಒಂದು ಸಲವಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹೋದ ವಾರ ಹಡಗಿನವರಿಗೆ ಫೋನು ಮಾಡಿ, ಬಾಲ್ಕನಿ ಬಾಗಿಲಿಗೆ ಚಿಲಕ ಎಷ್ಟು, ಯಾವ ಕಡೆ ಎಂದು ಕೇಳಿದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಒಂದೇ ಚಿಲಕ, ಒಳಗಡೆ ಎಂದರು. ಒಳಗಿದ್ದವರು ಹಾಕಿದರೆ ಹೊರಗಿದ್ದವರು ಹೊರಗೇ. ಯಾಕೆ ಮೇಡಂ, ಮಕ್ಕಳಿದ್ದಾರಾ ಎಂದು ಕೇಳಿದರು. ಇಬ್ಬರಿದ್ದಾರೆ ಎಂದೆ.

ಬಾಲ್ಕನಿ ತೆಗೆದುಕೋ. ದಂಡವಲ್ಲ. ಹೋಗುವ ದಾರಿಯಲ್ಲಿ ಬಲಗಡೆಗೆ ದಡ ಇರುತ್ತದೆ, ಅದಕ್ಕೇ ಬಲಗಡೆಯ ರೂಮು ಹಿಡಿದಿದ್ದೇನೆ, ಹಡಗಿನ ನಡುಭಾಗದಲ್ಲಿ, ಅಲ್ಲಿ ಓಲಾಟ ಕಡಿಮೆ, ಕೆಳಗೆ ದೋಣಿ ಇಲ್ಲ. ಎರಡು ಬೇರೆ ಬೇರೆ ಹಾಸಿಗೆ. ಶುಕ್ರವಾರದ ತನಕ ಬೇಡ ಎನ್ನಬಹುದು. ಇದನ್ನು ಓದಿದ ಮೇಲೆ ನೀನು ನನ್ನನ್ನು ಬೇಡವೆಂದು ಭಾವನ ಜೊತೆ ಹೊರಟರೂ ರೂಮು ನಿನ್ನ ಹೆಸರಿನಲ್ಲೇ ಇದೆ, ನನ್ನ ಹೆಸರು ತೆಗೆಯಲು ಎರಡು ನಿಮಿಷ ಸಾಕು.

ನಾನೂ ಬರಬಹುದಾದರೆ ಒಂದೇ ಕೇಳಿಕೆ. ಹಿಮ ಕಾಣುವ ಮೊದಲ ಬೆಳಿಗ್ಗೆ ನೀನು ಒಳಗಿರು, ಬಿಸಿಯಾಗಿ ಏನಾದರೂ ಕುಡಿಯುತ್ತಾ ಕೂತಿರು. ನಾನು ಕೈ ಒದ್ದೆ ಮಾಡಿಕೊಂಡು, ಕೋಟಿಲ್ಲದೆ ಹೊರಗೆ ನಿಲ್ಲುತ್ತೇನೆ. ಚಿಲಕ ನಿನ್ನ ಕಡೆ ಇರುತ್ತದೆ. ಹಾಕು. ಯಾವಾಗ ತೆಗೆಯಬೇಕು ಎನಿಸುತ್ತದೋ ಆಗ ತೆಗೆ, ನಾನು ಬಾಗಿಲು ಬಡಿಯುವುದಿಲ್ಲ. ಪರದೆ ಮಾತ್ರ ಎಳೆಯಬೇಡ, ಅಕ್ಕಾ. ನಿನ್ನ ಮುಖ ಕಾಣುತ್ತಿರಲಿ.

ನಿನ್ನ ಉಳಿದ ಬೆರಳುಗಳೆಲ್ಲ ಸದಾ ಬೆಚ್ಚಗಿರಲಿ.

ಸ್ಟೂಲು ಹತ್ತಿದವಳು,
ನಿನ್ನ ತಂಗಿ