ಹನ್ನೆರಡನೇ ನಿಯಮಕ್ಕೆ ಏರಿದ ಮತ್ತು

ಸರ್ಕಾರ ಮಾಡುವ ನಿಯಮಗಳನ್ನು ಓದುವುದಕ್ಕೆಂದೇ ಸದನ ನೇಮಿಸಿರುವ ಅಧೀನ ಶಾಸನ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಅಕ್ಕ ಏಳು ತಿಂಗಳಿಂದ ಒಂದು ಪದದೊಳಗೆ ಸಿಕ್ಕಿಬಿದ್ದಿದ್ದಾಳೆ. ಆ ಪದ ‘ಮತ್ತು’. ಅದು ಕೂತಿರುವ ಜಾಗದಲ್ಲಿ ‘ಅಥವಾ’ ಇದ್ದಿದ್ದರೆ ಅವಳು ಈ ಹೊತ್ತಿಗೆ ಮನೆಯಲ್ಲಿ ಕಾಲು ನೀಡಿ ಕೂತು, ನಾನು ಮಾಡಿದ ಕಾಫಿಗೆ ಹೆಸರಿಡುತ್ತಿದ್ದಳು. ಆ ಪದವನ್ನು ಕಿತ್ತುಹಾಕುವ ಅಧಿಕಾರ ಸದನಕ್ಕಿದೆ, ಹಾಗೆ ಮಾಡಿ ಎಂದು ಸದನಕ್ಕೆ ಹೇಳುವ ಅಧಿಕಾರ ನಿಮಗಿದೆ. ಇಬ್ಬರಿಗೂ ಸೇರಿ ಉಳಿದಿರುವುದು ನಾಲ್ಕೇ ನಾಲ್ಕು ದಿನ. ಹಾಗಾಗಿ ತಮ್ಮ ಕ್ಷೇಮ ಸಮಾಚಾರ ವಿಚಾರಿಸುವುದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಹಿಂದಿನ ಸರ್ಕಾರ ಚುನಾವಣೆಯಲ್ಲಿ ಸೋತ ದಿನಕ್ಕೂ ಹೊಸ ಸರ್ಕಾರ ಪ್ರಮಾಣವಚನ ತೆಗೆದುಕೊಂಡ ದಿನಕ್ಕೂ ನಡುವೆ ಒಂಬತ್ತು ದಿನಗಳಿದ್ದವು. ಐದು ವರ್ಷ ಗಡದ್ದಾಗಿ ನಿದ್ದೆ ಹೊಡೆದ ಇಲಾಖೆಗಳಿಗೆ ಆ ಒಂಬತ್ತು ದಿನಗಳಲ್ಲಿ ಒಮ್ಮೆಲೇ ಎಚ್ಚರವಾಯಿತು. ಅರವತ್ತಮೂರು ನಿಯಮಾವಳಿಗಳು ಹೊರಬಿದ್ದವು. ಮನೆ ಖಾಲಿ ಮಾಡುವ ಬಾಡಿಗೆದಾರ ಹೋಗುವ ಮುನ್ನ ಕೋಣೆಕೋಣೆಗೂ ಹೊಸ ಬೀಗ ಜಡಿದು, ಕೀಲಿಕೈಗಳನ್ನು ಜೇಬಿಗಿಳಿಸಿಕೊಂಡು ಹೊರಟ ಹಾಗೆ. ಇದನ್ನು ನಾನು ಗಾಳಿಮಾತು ಕೇಳಿ ಹೇಳುತ್ತಿಲ್ಲ. ಸರ್ಕಾರಿ ಮುದ್ರಣಾಲಯದಲ್ಲಿ ಮೂವತ್ತನಾಲ್ಕು ವರ್ಷ ಕರಡಚ್ಚು ತಿದ್ದಿದವನು ನಾನು. ಆ ಅರವತ್ತಮೂರರಲ್ಲಿ ಇಪ್ಪತ್ತೆರಡು ನನ್ನ ಮೇಜಿನ ಮೇಲೆ ಹಾದುಹೋದವು. ಅದರ ಮಾರನೆಯ ವಾರ ನನಗೆ ಹಾರ ಹಾಕಿ ನಿವೃತ್ತಿ ಮಾಡಿಸಿದರು.

ಆ ಇಪ್ಪತ್ತೆರಡರಲ್ಲಿ ಒಂದು, ಮಾನಸಿಕ ಆರೋಗ್ಯ ಪುನರ್ವಸತಿ ಕೇಂದ್ರಗಳ ನಿಯಮಾವಳಿ. ಅದು ಕೈಗೆ ಬಂದಾಗ ಮಧ್ಯಾಹ್ನ ಮೂರೂವರೆ. ಅಕ್ಕ ಆಗಲೇ ಆರು ತಿಂಗಳಿಂದ ಅಂಥದ್ದೇ ಒಂದು ಕೇಂದ್ರದಲ್ಲಿದ್ದಳು. ಇಪ್ಪತ್ತೊಂಬತ್ತು ವರ್ಷ ಒಂದು ದೊಡ್ಡ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಆಗಿದ್ದವಳು. ಆ ವಿಭಾಗವನ್ನೇ ಮುಚ್ಚಿದ ಮೇಲೆ ಅವಳ ನಿದ್ದೆ ಹಾರಿಹೋಯಿತು. ಆಮೇಲೆ ಬಾರದ ಕರೆಗಳಿಗೆ ಉತ್ತರಿಸತೊಡಗಿದಳು. ನಾನೇ ಕರೆದುಕೊಂಡು ಹೋಗಿ ಸೇರಿಸಿದ್ದೆ. ಹೀಗಿರುವಾಗ ಆ ನಿಯಮಾವಳಿಯನ್ನು ನಾನು ಬರೀ ನೌಕರನಾಗಿ ಓದಲಿಲ್ಲ, ತಮ್ಮನಾಗಿಯೂ ಓದಿದೆ. ಹಳೆಯ ನಿಯಮದ ಪ್ರಕಾರ ಗುಣವಾದವರನ್ನು ಮನೆಗೆ ಕಳುಹಿಸಲು ನ್ಯಾಯಾಲಯದ ಆದೇಶ ಬೇಕಿತ್ತು; ಅದಕ್ಕೆ ಎರಡು ವರ್ಷವೂ ಆಗುತ್ತಿತ್ತು, ನಾಲ್ಕೂ ಆಗುತ್ತಿತ್ತು. ಹೊಸ ಹನ್ನೆರಡನೇ ನಿಯಮ ಹೇಳಿತು: ‘ನಿವಾಸಿಯು ಗುಣಮುಖರಾಗಿದ್ದಾರೆಂದು ವೈದ್ಯಾಧಿಕಾರಿ ಅಥವಾ ಬಿಡುಗಡೆ ಮಂಡಳಿ ದೃಢೀಕರಿಸಿದಲ್ಲಿ ಅವರನ್ನು ಮನೆಗೆ ಕಳುಹಿಸತಕ್ಕದ್ದು.’ ಎರಡೆರಡು ಸಲ ಓದಿದೆ. ಡಾಕ್ಟರು ಒಂದು ಸಹಿ ಹಾಕಿದರೆ ಸಾಕು! ಇಲಾಖೆಯಲ್ಲಿ ಯಾರೋ ಪುಣ್ಯಾತ್ಮರು ಕೂತು ಒಳ್ಳೆಯ ಮನಸ್ಸಿನಿಂದ ಬರೆದಿದ್ದಾರೆ ಅನ್ನಿಸಿ, ಕಣ್ಣು ಒದ್ದೆಯಾಯಿತು.

ಒದ್ದೆ ಕಣ್ಣು ಒರೆಸಿಕೊಂಡು ಒಂದು ಸಾಲು ಮೇಲಕ್ಕೆ ನೋಡಿದರೆ ಹನ್ನೊಂದನೇ ನಿಯಮ: ‘ಪ್ರತಿ ನಿವಾಸಿಗೂ ಹಾಸಿಗೆ ಅಥವಾ ಊಟ ಒದಗಿಸತಕ್ಕದ್ದು.’ ಹಾಸಿಗೆ ಕೊಟ್ಟರೆ ಊಟವಿಲ್ಲ, ಊಟ ಕೊಟ್ಟರೆ ಹಾಸಿಗೆಯಿಲ್ಲ! ಪುಣ್ಯಾತ್ಮರು ಅವಸರದಲ್ಲಿ ಎಡವಿದ್ದರು. ‘ಅಥವಾ’ದ ಬದಲಿಗೆಂದು ಅಂಚಿನಲ್ಲಿ ‘ಮತ್ತು’ ಬರೆದು, ಅಲ್ಲಿಂದ ಸಾಲಿಗೆ ಗೆರೆ ಎಳೆದೆ. ಗೆರೆ ಓರೆಯಾಯಿತು. ಅಕ್ಷರ ಜೋಡಿಸುವಾಕೆ ಆ ಗೆರೆ ಹಿಡಿದು ಹೋಗಿ, ನನ್ನ ‘ಮತ್ತು’ವನ್ನು ಕೆಳಗಿನ ಸಾಲಿನ ‘ಅಥವಾ’ದ ಜಾಗದಲ್ಲಿ ಕೂರಿಸಿದಳು. ಅವಳ ತಪ್ಪಲ್ಲ, ಗೆರೆ ನನ್ನದು. ಇಂಥ ತಪ್ಪುಗಳಿಗಾಗಿಯೇ ಎರಡನೇ ಕರಡಚ್ಚು ಎಂಬುದೊಂದಿದೆ. ತಿದ್ದಿದ್ದು ಸರಿಯಾದ ಜಾಗಕ್ಕೆ ಬಿತ್ತೇ ಎಂದು ನೋಡಿ, ಆಮೇಲೆ ‘ಮುದ್ರಿಸಬಹುದು’ ಎಂದು ಸಹಿ ಹಾಕಬೇಕು. ಆದರೆ ಇಲಾಖೆಯ ಅಧಿಕಾರಿ ಬಾಗಿಲಲ್ಲೇ ನಿಂತಿದ್ದರು, ಹೊರಗೆ ಅವರ ಜೀಪು ಗುರುಗುಡುತ್ತಿತ್ತು.

“ಐದರೊಳಗೆ ರಾಜ್ಯಪತ್ರ ಆಚೆ ಬರ್ಬೇಕು. ನಾಳೆಯಿಂದ ನಮ್ಮ ಮಂತ್ರಿಗಳೇ ಇರಲ್ಲ.”

“ಎರಡನೇ ಕರಡಚ್ಚು ಇನ್ನೂ ನೋಡಿಲ್ಲ ಸಾರ್.”

“ತಿದ್ದಿದ್ದೀರಲ್ಲ, ಇನ್ನೇನು ನೋಡೋದು? ಬೇಗ ಹಾಕ್ರೀ ಸಹಿ!”

ಹಾಕಿದೆ. ಮೂವತ್ತನಾಲ್ಕು ವರ್ಷದಲ್ಲಿ ಎರಡನೇ ಕರಡಚ್ಚು ನೋಡದೆ ಹಾಕಿದ ಸಹಿ ಅದೊಂದೇ.

ಒಂದು ತಿಂಗಳ ನಂತರ ಕೇಂದ್ರದ ವೈದ್ಯೆ ಅಕ್ಕನ ಕಾಗದಕ್ಕೆ ಸಹಿ ಹಾಕಿದರು. “ಇವ್ರು ನನಗಿಂತ ಚೆನ್ನಾಗಿದ್ದಾರೆ, ಕರ್ಕೊಂಡ್ ಹೋಗಿ” ಎಂದು ನಕ್ಕರು. ಅಕ್ಕ ಬ್ಯಾಗು ತುಂಬಿ, ಚಪ್ಪಲಿ ಮೆಟ್ಟಿ, ನನ್ನ ಜೊತೆ ಅಧೀಕ್ಷಕರ ಕೋಣೆಯ ತನಕ ಬಂದಳು. ಅಧೀಕ್ಷಕರು ಕನ್ನಡಕ ಏರಿಸಿ, ರಾಜ್ಯಪತ್ರ ತೆರೆದು, ಹನ್ನೆರಡನೇ ನಿಯಮದ ಮೇಲೆ ಬೆರಳಿಟ್ಟರು. ‘ವೈದ್ಯಾಧಿಕಾರಿ ಮತ್ತು ಬಿಡುಗಡೆ ಮಂಡಳಿ.’ ಡಾಕ್ಟರ ಸಹಿ ಸಾಲದು, ಮಂಡಳಿಯೂ ಒಪ್ಪಬೇಕು. ಮಂಡಳಿ ಎಲ್ಲಿದೆ? ಇನ್ನೂ ಹುಟ್ಟಿಲ್ಲ. ನಾನು ಆ ಪುಟವನ್ನೇ ನೋಡುತ್ತ ನಿಂತೆ. ನನ್ನ ಕೈಬರಹದ ಪದ ಅಚ್ಚಾಗಿ ನನ್ನನ್ನೇ ನೋಡುತ್ತಿತ್ತು. ಅಕ್ಕನನ್ನು ವಾರ್ಡಿಗೆ ವಾಪಸ್ ಕಳುಹಿಸಿದ ಮೇಲೆ, ಕೊನೆಯ ಪ್ರಯತ್ನವೆಂದು ಒಂದು ಸಾಲು ಮೇಲಕ್ಕೆ ಬೆರಳು ಮಾಡಿ ಕೇಳಿದೆ:

“ಸಾರ್, ಈ ಹನ್ನೊಂದನೇ ನಿಯಮದ ಪ್ರಕಾರ ಹಾಸಿಗೆ ಕೊಟ್ಟವರಿಗೆ ನೀವು ಊಟ ಕೊಡ್ಬೇಕಾಗಿಲ್ಲ. ಯಾಕೆ ಕೊಡ್ತಿದ್ದೀರಿ?”

“ಏನ್ರೀ ತಮಾಷೆನಾ? ಅದು ಅಚ್ಚಿನ ತಪ್ಪು ಅಂತ ಯಾರಿಗಾದ್ರೂ ಗೊತ್ತಾಗುತ್ತೆ.”

“ಹಾಗಾದ್ರೆ ಅದರ ಕೆಳಗಿಂದು?”

“ಅದು ಕಾನೂನು.”

ಮಾನ್ಯರೇ, ಒಂದೇ ಪುಟ, ಒಂದೇ ಕೈತಪ್ಪು. ಮೇಲಿನ ಸಾಲಿನಲ್ಲಿ ಅದನ್ನು ವಿವೇಕ ತಿದ್ದುತ್ತದೆ, ಕೆಳಗಿನ ಸಾಲಿನಲ್ಲಿ ಅದಕ್ಕೆ ಕೈಮುಗಿಯುತ್ತದೆ. ಬಾಗಿಲು ತೆರೆಯಬೇಕಾಗಿ ಬಂದಾಗ ಮಾತ್ರ ನಮ್ಮ ಕಚೇರಿಗಳಿಗೆ ಅಕ್ಷರ ಅಷ್ಟು ಪವಿತ್ರವಾಗುವುದೇಕೆ? ಬಲ್ಲವರು ಹೇಳಬೇಕು.

ನಾನು ಸುಮ್ಮನೆ ಕೂರಲಿಲ್ಲ. ತಪ್ಪು ನನ್ನದೆಂದು ಮುದ್ರಣಾಲಯಕ್ಕೆ ಬರೆದುಕೊಟ್ಟೆ. ‘ನಿವೃತ್ತ ನೌಕರರ ಹೇಳಿಕೆಗಳನ್ನು ಪರಿಗಣಿಸಲು ಅವಕಾಶವಿರುವುದಿಲ್ಲ’ ಎಂಬ ಉತ್ತರ ಬಂತು. ಅದರಲ್ಲೂ ಎರಡು ಕಾಗುಣಿತದ ತಪ್ಪುಗಳಿದ್ದವು. ಆಮೇಲೆ ಇಲಾಖೆಗೆ ಹೋದೆ. ಒಂದು ಪುಟ್ಟ ತಿದ್ದೋಲೆ ಹೊರಡಿಸಿ ಎಂದು ಬೇಡಿಕೊಂಡೆ. ಶಾಖಾಧಿಕಾರಿಗಳು ಸಭ್ಯರು, ಕುರ್ಚಿಯ ಮೇಲಿನ ಕಡತಗಳನ್ನು ಎತ್ತಿಟ್ಟು ನನ್ನನ್ನು ಕೂರಿಸಿದರು.

“ಹಿಂದಿನ ಸರ್ಕಾರದ ಕೊನೇ ಒಂಬತ್ತು ದಿನದ ನಿಯಮಗಳೆಲ್ಲ ಪರಿಶೀಲನೆಯಲ್ಲಿವೆ. ಈಗ ತಿದ್ದಿದ್ರೆ ನಾವು ಅದನ್ನ ಒಪ್ಕೊಂಡ ಹಾಗಾಗುತ್ತೆ.”

“ಒಪ್ಪಲ್ಲ ಅಂದ್ರೆ ರದ್ದು ಮಾಡಿ.”

“ರದ್ದು ಮಾಡಿದ್ರೆ ಪರಿಶೀಲಿಸದೇನೇ ರದ್ದು ಮಾಡಿದ ಹಾಗಾಗುತ್ತೆ.”

“ಹೋಗ್ಲಿ, ಆ ಬಿಡುಗಡೆ ಮಂಡಳಿನಾದ್ರೂ ರಚಿಸಿ.”

“ಪರಿಶೀಲನೆ ಮುಗಿಯೋವರೆಗೂ ಆ ನಿಯಮಗಳಡಿ ಹೊಸದಾಗಿ ಏನೂ ಮಾಡೋಹಾಗಿಲ್ಲ.”

“ಯಾರು ಸಾರ್ ಪರಿಶೀಲಿಸ್ತಿರೋದು?”

ಅವರು ಕಡತದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದರು. ಹೀಗಾಗಿ ನಿಯಮ ಜಾರಿಯಲ್ಲಿದೆ, ಅದು ಕೇಳುವ ಮಂಡಳಿ ತಡೆಯಲ್ಲಿದೆ. ಬೀಗ ಹಾಕಿದವರು ‘ಈಗ ಆ ಮನೆ ನಮ್ಮದಲ್ಲ’ ಎನ್ನುತ್ತಾರೆ. ಮನೆಗೆ ಬಂದವರು ‘ಆ ಬೀಗ ನಮ್ಮದಲ್ಲ’ ಎನ್ನುತ್ತಾರೆ. ಒಳಗಿರುವವರು ಯಾರವರು? ಡಾಕ್ಟರ ಸಹಿ ಕೈಯಲ್ಲಿಟ್ಟುಕೊಂಡೂ ಹೊರಗೆ ಬರಲಾಗದವರು ಆ ಒಂದು ಕೇಂದ್ರದಲ್ಲೇ ನಲವತ್ತೊಂದು ಜನ. ಕುಡಿದವನ ಮತ್ತಾದರೂ ಬೆಳಗಾಗುವುದರೊಳಗೆ ಇಳಿಯುತ್ತದೆ. ಹನ್ನೆರಡನೇ ನಿಯಮಕ್ಕೆ ಏರಿದ ಈ ಮತ್ತು ಎಂಟು ತಿಂಗಳಾದರೂ ಇಳಿದಿಲ್ಲ.

ಈಗ ನಿಮ್ಮ ವಿಷಯ. ಯಾವ ಇಲಾಖೆ ಯಾವ ನಿಯಮ ಮಾಡಿದರೂ ಅದನ್ನು ಸದನದ ಮುಂದೆ ಮಂಡಿಸಬೇಕು. ಅಲ್ಲಿಂದ ಸದನ ಸೇರುವ ಒಟ್ಟು ಮೂವತ್ತು ದಿನಗಳೊಳಗೆ ಸದಸ್ಯರು ಅದನ್ನು ತಿದ್ದಬಹುದು, ಇಲ್ಲವೇ ರದ್ದು ಮಾಡಬಹುದು. ಆಮೇಲೆ ಸದನದ ಕೈತಪ್ಪಿತು. ಎಂಥ ಚೆಂದದ ಏರ್ಪಾಡು! ಹೊರಟು ನಿಂತವರು ಆತುರದಲ್ಲಿ ಮಾಡಿದ್ದನ್ನು ಒಳಗೆ ಬಂದವರು ಸಾವಧಾನವಾಗಿ ಓದಲೆಂದೇ ಹಿರಿಯರು ಇದನ್ನು ಮಾಡಿಟ್ಟರು. ಆದರೆ ಮಂಡಿಸುವುದೆಂದರೆ ಏನೆಂದು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತು ಕಣ್ಣಾರೆ ಕಂಡಿದ್ದೇನೆ. ಅರವತ್ತಮೂರು ನಿಯಮಾವಳಿಗಳ ಕಟ್ಟೊಂದನ್ನು ತಂದು ಮೇಜಿನ ಮೇಲಿಟ್ಟರು. ‘ಮಂಡಿಸಲಾಗಿದೆ’ ಎಂದರು. ಕಟ್ಟನ್ನು ಎತ್ತಿಕೊಂಡು ಹೋದರು. ಮೇಜು ಓದಿತೇ? ಒಂದು ಮಸೂದೆಯ ಹೆಸರಿಗಾಗಿ ಅರ್ಧ ದಿನ ಗಂಟಲು ಹರಿದುಕೊಳ್ಳುವ ಸದಸ್ಯರಲ್ಲಿ ಒಬ್ಬರಾದರೂ ಆ ಕಟ್ಟಿನ ದಾರ ಬಿಚ್ಚಿದರೇ? ಸದನದ ಪರವಾಗಿ ಓದಬೇಕಾದ ನಿಮ್ಮ ಸಮಿತಿ ಈ ತನಕ ಮೂರು ಸಭೆ ನಡೆಸಿದೆ. ಮೊದಲನೆಯದರಲ್ಲಿ ಸದಸ್ಯರ ಪರಸ್ಪರ ಪರಿಚಯವಾಯಿತು. ಎರಡನೆಯದಕ್ಕೆ ಸಾಕಷ್ಟು ಸದಸ್ಯರೇ ಬರಲಿಲ್ಲ, ಪರಿಚಯ ಹೆಚ್ಚಾಯಿತೇನೋ. ಮೂರನೆಯದರಲ್ಲಿ ನಾಲ್ಕನೆಯದರ ದಿನಾಂಕ ಚರ್ಚೆಗೆ ಬಂತು. ಅಷ್ಟರಲ್ಲಿ ಸದನ ಇಪ್ಪತ್ತಾರು ದಿನ ಸೇರಿ ಮುಗಿಸಿದೆ. ಮುಂದಿನ ಸೋಮವಾರದಿಂದ ನಾಲ್ಕು ದಿನ ಸೇರಲಿದೆ. ಲೆಕ್ಕ ನಿಮಗೇ ಬಿಟ್ಟಿದ್ದೇನೆ.

ಇನ್ನೊಂದು ಭಯವಿದೆ, ಅದನ್ನೂ ಹೇಳಿಬಿಡುತ್ತೇನೆ. ಅರವತ್ತಮೂರನ್ನೂ ಒಟ್ಟಿಗೆ ರದ್ದು ಮಾಡಬೇಕೆಂದು ಆಡಳಿತ ಪಕ್ಷದ ಕೆಲವರು ತೋಳೇರಿಸುತ್ತಿದ್ದಾರೆ. ಒಂದನ್ನೂ ಮುಟ್ಟಗೊಡುವುದಿಲ್ಲವೆಂದು ವಿರೋಧ ಪಕ್ಷದವರು ಪಟ್ಟು ಹಿಡಿದಿದ್ದಾರೆ. ಇಬ್ಬರೂ ಓದಿಲ್ಲ ಎಂಬುದೊಂದರಲ್ಲಿ ಮಾತ್ರ ಒಮ್ಮತವಿದೆ. ಇಡಿಯಾಗಿ ರದ್ದಾದರೆ ಹಳೆಯ ನಿಯಮ ವಾಪಸ್ ಬಂದು ಅಕ್ಕ ನ್ಯಾಯಾಲಯದ ಸರದಿಯಲ್ಲಿ ನಿಲ್ಲಬೇಕು. ಇಡಿಯಾಗಿ ಉಳಿದರೆ ಹುಟ್ಟದ ಮಂಡಳಿಗೆ ಕಾಯಬೇಕು. ಯಾರು ಗೆದ್ದರೂ ಅವಳು ಒಳಗೇ.

ಅವಳೀಗ ಹೇಗಿದ್ದಾಳೆ ಎಂದು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಕೇಂದ್ರದ ಕಚೇರಿಯಲ್ಲಿ ಗುಮಾಸ್ತರಿಗೆ ಫೋನು ಎತ್ತಲು ಬೇಸರ. ಆದ್ದರಿಂದ ಮೂರು ತಿಂಗಳಿಂದ ಅಕ್ಕನೇ ಎತ್ತುತ್ತಾಳೆ. ಮನೆಗೆ ಹೋಗಲು ಅನರ್ಹಳಾದವಳು ಸರ್ಕಾರದ ಪರವಾಗಿ ಸಾರ್ವಜನಿಕರಿಗೆ ಉತ್ತರ ಕೊಡಲು ಅರ್ಹಳಾಗಿದ್ದಾಳೆ! ಕಳೆದ ತಿಂಗಳು ಮಂಡಳಿಯ ಬಗ್ಗೆ ವಿಚಾರಿಸಲು ಫೋನು ಮಾಡಿದೆ. ಆ ಕಡೆಯಿಂದ ಪರಿಚಯದ ದನಿ, ನೀಟಾಗಿ ಇಸ್ತ್ರಿ ಮಾಡಿದ ಹಾಗಿತ್ತು.

“ನಮಸ್ಕಾರ, ಪುನರ್ವಸತಿ ಕೇಂದ್ರ. ಇಲ್ಲ ಸಾರ್, ಬಿಡುಗಡೆ ಮಂಡಳಿ ಇನ್ನೂ ರಚನೆ ಆಗಿಲ್ಲ. ಮುಂದಿನ ವಾರ ವಿಚಾರಿಸಿ.” ಆಮೇಲೆ ದನಿ ತಗ್ಗಿಸಿ, “ನಾನೇ ಕಣೋ. ಊಟ ಆಯ್ತಾ?”

ಇಷ್ಟು ತಿಂಗಳೂ ತುಂಬಿದ ಬ್ಯಾಗು ಅವಳ ಮಂಚದ ಪಕ್ಕದಲ್ಲೇ ಇತ್ತು. ಹೋದ ಶನಿವಾರ ನೋಡಿದರೆ ಇಲ್ಲ. ಬಟ್ಟೆಗಳೆಲ್ಲ ಗೋಡೆಯ ಕಪಾಟಿನಲ್ಲಿ ಓರಣವಾಗಿ ಕೂತಿದ್ದವು. ಯಾಕೆ ಎಂದೆ. “ಬ್ಯಾಗಲ್ಲೇ ಇದ್ರೆ ಸುಕ್ಕಾಗುತ್ತೆ ಕಣೋ” ಎಂದಳು, ನನ್ನ ಮುಖ ನೋಡದೆ. ಹುಷಾರಿಲ್ಲದಾಗಲೂ ಅವಳು ನನ್ನನ್ನು ಇಷ್ಟು ಹೆದರಿಸಿರಲಿಲ್ಲ. ಅವಳು ಒಗ್ಗಿಕೊಳ್ಳುತ್ತಿದ್ದಾಳೆ. ಇನ್ನಾರು ತಿಂಗಳಾದರೆ ಗೇಟು ತೆರೆದರೂ ಹೊರಬರುತ್ತಾಳೆಂಬ ನಂಬಿಕೆ ನನಗಿಲ್ಲ. ನಾನು ಎದ್ದು ಹೊರಡುವಾಗ ಕೇಳಿದಳು:

“ಮೂವತ್ನಾಲ್ಕು ವರ್ಷ ಬೇರೆಯವರ ತಪ್ಪು ಹುಡುಕಿದ್ಯಲ್ಲ, ಇದು ಯಾರ ತಪ್ಪು ಅಂತ ಹುಡುಕೋಕಾಗಲ್ವಾ ನಿನಗೆ?”

“ಹುಡುಕ್ತಿದ್ದೀನಿ ಅಕ್ಕ” ಎಂದೆ.

ಮಾನ್ಯರೇ, ನನ್ನ ಬೇಡಿಕೆ ದೊಡ್ಡದಲ್ಲ. ಸೋಮವಾರಕ್ಕೆ ಮೊದಲು ನಿಮ್ಮ ಸಮಿತಿಯನ್ನು ಒಂದು ಗಂಟೆ ಕೂರಿಸಿ. ನಿಯಮಾವಳಿಯ ಮೂರನೇ ಪುಟ ತೆರೆಯಿರಿ. ಹನ್ನೊಂದನೇ ನಿಯಮದ ‘ಅಥವಾ’ ಮತ್ತು ಹನ್ನೆರಡನೇ ನಿಯಮದ ‘ಮತ್ತು’ ತಮ್ಮತಮ್ಮ ಜಾಗ ಬದಲಿಸಿಕೊಳ್ಳಲಿ ಎಂದು ಸದನಕ್ಕೆ ಒಂದು ಸಾಲಿನ ತಿದ್ದುಪಡಿ ಕಳುಹಿಸಿ. ಹಿಂದಿನವರನ್ನು ಹೊಗಳಬೇಕಾಗಿಲ್ಲ, ತೆಗಳಬೇಕಾಗಿಲ್ಲ, ಓದಿದರೆ ಸಾಕು. ಉಳಿದ ಅರವತ್ತೆರಡನ್ನೂ ಅದೇ ಕೈಯಲ್ಲಿ ಓದಿ. ಅವುಗಳೊಳಗೆ ಯಾರಾರು ಕೂತಿದ್ದಾರೋ ನನಗೆ ತಿಳಿಯದು. ಸಾಕ್ಷಿ ಬೇಕೆಂದರೆ ನಾನು ಬರುತ್ತೇನೆ, ಶಿಕ್ಷೆ ಕೊಡುವುದಿದ್ದರೆ ಅದಕ್ಕೂ ಬರುತ್ತೇನೆ.

ನೀವು ಈ ಪತ್ರ ಓದುತ್ತೀರೋ ಇಲ್ಲವೋ ಗೊತ್ತಿಲ್ಲ. ಆದರೆ ಇದು ಅಚ್ಚಾಗುತ್ತಿರುವ ಈ ದಿನಪತ್ರಿಕೆ ಕೇಂದ್ರದ ಕಚೇರಿಗೆ ಬೆಳಗ್ಗೆ ಒಂಬತ್ತಕ್ಕೆ ಬರುತ್ತದೆ. ಫೋನುಗಳ ನಡುವೆ ಅಕ್ಕ ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾಳೆ. ಆದ್ದರಿಂದ ಇನ್ನು ಮುಂದಿನ ಸಾಲುಗಳು ನಿಮಗಲ್ಲ, ದಯವಿಟ್ಟು ಕ್ಷಮಿಸಿ.

ಅಕ್ಕಾ, ಹುಡುಕುತ್ತಿದ್ದೇನೆ ಎಂದು ನಿನಗೆ ಸುಳ್ಳು ಹೇಳಿದೆ. ಆ ಪದ ನನ್ನದು. ನಿನ್ನೆದುರು ಕೂತು ಹೇಳುವ ಧೈರ್ಯ ಬಾರದೆ ಊರಿಗೆಲ್ಲ ಹೇಳುತ್ತಿದ್ದೇನೆ. ಶನಿವಾರ ಬರುತ್ತೇನೆ. ನೀನು ನನ್ನನ್ನು ನೋಡಲು ಹೊರಗೆ ಬರದಿದ್ದರೂ ಸರಿ, ಹೊತ್ತು ಮುಗಿಯುವ ತನಕ ಅಲ್ಲೇ ಬೆಂಚಿನ ಮೇಲೆ ಕೂತಿರುತ್ತೇನೆ.

ಇಂತಿ,
ಈ ಪತ್ರದ ಕರಡಚ್ಚನ್ನು ಮಾತ್ರ ಮೂರು ಸಲ ನೋಡಿದ,
ನಿನ್ನ ತಮ್ಮ